ಪಟ್ಟಿಯಲ್ಲಿ ಹೆಸರಿಲ್ಲದ ಇಬ್ಬರು ಹುಡುಗರು

ಕ್ಯಾಂಪಸ್ ಸಂದರ್ಶನದ ಫಲಿತಾಂಶ ನೋಟಿಸ್ ಬೋರ್ಡಿಗೆ ಬಂದ ದಿನ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಓದಿ, ತಮ್ಮ ಹೆಸರು ಕಾಣದೆ ಸುಮ್ಮನೆ ಹಿಂದೆ ಸರಿದವರು ನಮ್ಮಲ್ಲಿ ಎಷ್ಟು ಜನ! ನಾನೂ ಅವರಲ್ಲೊಬ್ಬ. ಅಂಥ ದಿನಗಳಲ್ಲಿ ನನಗೆ ನೆನಪಾಗುವುದು ಮಾರಿಸ್ ಸ್ಟೋಕ್ಸ್.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಇದು ದೊಡ್ಡ ಹೆಸರು. ಸ್ಟೋಕ್ಸ್ ಹುಟ್ಟಿದ್ದು 1933ರ ಜೂನ್ 17ರಂದು, ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಪಕ್ಕದ ರ‍್ಯಾಂಕಿನ್ ಎಂಬ ಊರಿನಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಯ ಕಾರ್ಮಿಕ. ಅಮ್ಮ ಬೇರೆಯವರ ಮನೆಗೆಲಸಕ್ಕೆ ಹೋಗುತ್ತಿದ್ದರು. ಮುಂದೆ ಕುಟುಂಬ ಪಿಟ್ಸ್‌ಬರ್ಗ್‌ಗೆ ಬಂತು, ಹುಡುಗ ವೆಸ್ಟಿಂಗ್‌ಹೌಸ್ ಹೈಸ್ಕೂಲಿಗೆ ಸೇರಿದ. ಮೊದಲೆರಡು ವರ್ಷ ಶಾಲಾ ತಂಡದ ಆರಂಭಿಕ ಐವರಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಜಾಗ ಸಿಕ್ಕ ಮೇಲೆ ಶಾಲೆ 1950 ಮತ್ತು 1951ರಲ್ಲಿ ನಗರ ಚಾಂಪಿಯನ್ ಆಯಿತು.

ಅಲ್ಲಿ ಹೈಸ್ಕೂಲ್ ಆಟಗಾರನ ಭವಿಷ್ಯ ನಿಂತಿರುವುದು ಕಾಲೇಜು ತರಬೇತುದಾರರ ಕಣ್ಣಿನ ಮೇಲೆ. ಅವರು ಮೆಚ್ಚಿದರೆ ವಿದ್ಯಾರ್ಥಿವೇತನ, ಪದವಿ, ಆಮೇಲೆ ವೃತ್ತಿಪರ ತಂಡ. ಅವರ ಕಣ್ಣಿಗೆ ಬೀಳದಿದ್ದರೆ ಬಹುತೇಕರ ಆಟ ಅಲ್ಲಿಗೇ ಮುಗಿದಂತೆ. ಕಪ್ಪು ವರ್ಣದ ಹುಡುಗರಿಗಂತೂ ಎದುರಿಗೆ ಇನ್ನೊಂದು ಗೋಡೆಯಿತ್ತು. ಆ ಕಾಲದಲ್ಲಿ ದಕ್ಷಿಣದ ರಾಜ್ಯಗಳ ದೊಡ್ಡ ವಿಶ್ವವಿದ್ಯಾಲಯಗಳು ಅವರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ನಗರ ಚಾಂಪಿಯನ್ ತಂಡದ ಸ್ಟೋಕ್ಸ್ ಕೊನೆಗೆ ಸೇರಿದ್ದು ಗುಡ್ಡಗಾಡಿನ ಲೊರೆಟೊ ಎಂಬ ಪುಟ್ಟ ಊರಿನ ಸೇಂಟ್ ಫ್ರಾನ್ಸಿಸ್ ಕಾಲೇಜನ್ನು. ಅದು ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಸಣ್ಣ ಕಾಲೇಜು.

1955ರಲ್ಲಿ ಆ ಕಾಲೇಜು ನ್ಯೂಯಾರ್ಕಿನ ರಾಷ್ಟ್ರೀಯ ಆಹ್ವಾನ ಟೂರ್ನಿಗೆ ಬಂತು. ತಂಡಕ್ಕೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಆದರೂ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಸ್ಟೋಕ್ಸ್‌ಗೇ ಹೋಯಿತು. ಗೆದ್ದ ತಂಡದವರನ್ನು ಬಿಟ್ಟು ಸೋತವನಿಗೆ ಪ್ರಶಸ್ತಿ! ಅದೇ ವರ್ಷ ರೋಚೆಸ್ಟರ್ ರಾಯಲ್ಸ್ ಎಂಬ ಎನ್‌ಬಿಎ ತಂಡ ಅವರನ್ನು ಆರಿಸಿಕೊಂಡಿತು. ಮೊದಲ ಋತುವಿನಲ್ಲೇ ವರ್ಷದ ಹೊಸ ಆಟಗಾರ ಗೌರವ ಬಂತು. 6 ಅಡಿ 7 ಇಂಚಿನ ಈ ಆಜಾನುಬಾಹು ಬುಟ್ಟಿಗೆ ಬೀಳದೆ ವಾಪಸಾದ ಚೆಂಡನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಮೂರು ವರ್ಷ ಆಡಿ, ಮೂರು ವರ್ಷವೂ ಆಲ್‌ಸ್ಟಾರ್ ತಂಡದಲ್ಲಿದ್ದರು.

ಅದೇ ವರ್ಷ ಅದೇ ತಂಡಕ್ಕೆ ಸೇರಿದ ಇನ್ನೊಬ್ಬರು ಜ್ಯಾಕ್ ಟ್ವೈಮನ್. ಇವರೂ ಪಿಟ್ಸ್‌ಬರ್ಗ್‌ನವರೇ, ಬಿಳಿಯರು, ವಯಸ್ಸಿನಲ್ಲಿ ಸ್ಟೋಕ್ಸ್‌ಗಿಂತ ಒಂದು ವರ್ಷ ಚಿಕ್ಕವರು. ಇವರ ಹೈಸ್ಕೂಲ್ ಕತೆ ಇನ್ನೂ ವಿಚಿತ್ರ. ಸತತ ಮೂರು ವರ್ಷ ಶಾಲಾ ತಂಡದ ಆಯ್ಕೆಯಲ್ಲಿ ಅವರನ್ನು ಕೈಬಿಡಲಾಗಿತ್ತು. ನಾಲ್ಕನೇ ವರ್ಷ ಮತ್ತೆ ಹೋಗಿ ನಿಂತರು, ಆಯ್ಕೆಯಾದರು. ಮುಂದೆ ಎನ್‌ಬಿಎಯ ಒಂದು ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 31.2 ಅಂಕ ಗಳಿಸಿದ್ದು ಇದೇ ಟ್ವೈಮನ್.

1957ರಲ್ಲಿ ತಂಡ ಸಿನ್ಸಿನಾಟಿಗೆ ಬಂತು. 1958ರ ಮಾರ್ಚ್ 12ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ಪಂದ್ಯದಲ್ಲಿ ಸ್ಟೋಕ್ಸ್ ಬಿದ್ದು ತಲೆ ನೆಲಕ್ಕೆ ಬಡಿಯಿತು. ಪ್ರಜ್ಞೆ ತಪ್ಪಿದ ಅವರನ್ನು ಎಚ್ಚರಿಸಿ ಮತ್ತೆ ಆಟಕ್ಕೆ ಇಳಿಸಿದರು. ಮೂರು ದಿನಗಳ ನಂತರ ಡೆಟ್ರಾಯಿಟ್‌ನಲ್ಲಿ ಇನ್ನೊಂದು ಪಂದ್ಯವನ್ನೂ ಆಡಿದರು. ವಾಪಸು ಬರುವ ವಿಮಾನದಲ್ಲಿ ಕುಸಿದು, ಕೋಮಾಕ್ಕೆ ಜಾರಿದರು. ಎಚ್ಚರವಾದಾಗ ಕೈಕಾಲು ಆಡುತ್ತಿರಲಿಲ್ಲ, ಮಾತು ನಿಂತಿತ್ತು. ಬುದ್ಧಿ ಮಾತ್ರ ಸ್ವಚ್ಛವಾಗಿತ್ತು. ಆಗ ಅವರಿಗಿನ್ನೂ 24 ವರ್ಷ.

ಆಸ್ಪತ್ರೆಯ ಖರ್ಚು ಬೆಟ್ಟದಷ್ಟು. ಆಟಗಾರರಿಗೆ ಇಂದಿನಂತೆ ವಿಮೆ, ಪಿಂಚಣಿಗಳ ಆಸರೆ ಇರಲಿಲ್ಲ. ಆಗ ಮುಂದೆ ಬಂದವರು ಟ್ವೈಮನ್. ನ್ಯಾಯಾಲಯದ ಮೂಲಕ ಸ್ಟೋಕ್ಸ್‌ರ ಕಾನೂನುಬದ್ಧ ಪೋಷಕರಾದರು. ಕಪ್ಪು-ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಕೂರುವುದಕ್ಕೇ ಗಲಭೆಗಳಾಗುತ್ತಿದ್ದ ಕಾಲವದು. ದುಡಿಯುವಾಗ ಆದ ಗಾಯವೆಂದು ಹೋರಾಡಿ ಕಾರ್ಮಿಕರ ಪರಿಹಾರ ಕೊಡಿಸಿದರು. ವರ್ಷವರ್ಷವೂ ಸಹಾಯಾರ್ಥ ಪಂದ್ಯ ನಡೆಸಿ ಹಣ ಕೂಡಿಸಿದರು. ವಿಲ್ಟ್ ಚೇಂಬರ್ಲೇನ್‌ರಂಥ ದಿಗ್ಗಜರೂ ಬಂದು ಅಲ್ಲಿ ಆಡಿದರು. ಟ್ವೈಮನ್ ವರ್ಣಮಾಲೆಯ ಒಂದೊಂದೇ ಅಕ್ಷರ ಹೇಳುವುದು, ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ಕಣ್ಣು ಮಿಟುಕಿಸುವುದು: ಮೊದಮೊದಲು ಇಬ್ಬರ ಮಾತುಕತೆ ನಡೆದದ್ದು ಹೀಗೆ.

ಸ್ಟೋಕ್ಸ್ ಹನ್ನೆರಡು ವರ್ಷ ಛಲ ಬಿಡದೆ ವ್ಯಾಯಾಮ ಮಾಡಿದರು. ಬೆರಳುಗಳಿಗೆ ಒಂದಿಷ್ಟು ಚಲನೆ ಬಂದು ಟೈಪ್ ಮಾಡುವಷ್ಟಾದರು. 1970ರ ಏಪ್ರಿಲ್ 6ರಂದು, 36ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ತಮ್ಮನ್ನು ಮಣ್ಣು ಮಾಡಬೇಕೆಂದು ಅವರು ಬಯಸಿದ್ದು ಲೊರೆಟೊದ ಅದೇ ಪುಟ್ಟ ಕಾಲೇಜಿನ ನೆಲದಲ್ಲಿ. ಅವರ ಸಮಾಧಿ ಅಲ್ಲೇ ಇದೆ.

2004ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಸ್ಟೋಕ್ಸ್‌ಗೆ ಸ್ಥಾನ ಕೊಟ್ಟಿತು. ಗೆಳೆಯನ ಪರವಾಗಿ ಆ ಗೌರವ ಸ್ವೀಕರಿಸಿದವರು 70ರ ಟ್ವೈಮನ್. 2012ರಲ್ಲಿ ಅವರೂ ತೀರಿಕೊಂಡರು. ಮರುವರ್ಷದಿಂದ ಎನ್‌ಬಿಎ ಅತ್ಯುತ್ತಮ ಸಹ ಆಟಗಾರನಿಗೆ ಇಬ್ಬರ ಹೆಸರಿನಲ್ಲೂ ಪ್ರಶಸ್ತಿ ಕೊಡುತ್ತಿದೆ.

ಆಯ್ಕೆಗಾರರು ತಪ್ಪಿದರು, ಪ್ರತಿಭೆ ಗೆದ್ದಿತು ಎಂದಷ್ಟೇ ಹೇಳಿ ಈ ಕತೆ ಮುಗಿಸಲು ನನಗೆ ಮನಸ್ಸಿಲ್ಲ. ಗೆದ್ದ ಮೂರೇ ವರ್ಷಕ್ಕೆ ಸ್ಟೋಕ್ಸ್ ಎಲ್ಲವನ್ನೂ ಕಳೆದುಕೊಂಡರು. ಆಗ ಅವರ ಹಾಸಿಗೆಯ ಪಕ್ಕ ನಿಂತದ್ದು, ಒಂದು ಕಾಲಕ್ಕೆ ತನ್ನ ಶಾಲೆಯ ಪಟ್ಟಿಯಲ್ಲೇ ಹೆಸರಿಲ್ಲದಿದ್ದ ಇನ್ನೊಬ್ಬ ಹುಡುಗ. ಗೆಳೆಯರೇ, ಮುಂದಿನ ಸಲ ನೋಟಿಸ್ ಬೋರ್ಡಿನಿಂದ ಹಿಂದೆ ಸರಿಯುವಾಗ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡಿ. ಅವರ ಹೆಸರೂ ಅಲ್ಲಿ ಇಲ್ಲದಿರಬಹುದು. ಒಂದು ಕಪ್ ಚಹಾಕ್ಕೆ ಕರೆಯಿರಿ.