ಗುರಿ ಕಂಡ ಗುರು: ಡೆಪ್ಯುಟಿ ಚನ್ನಬಸಪ್ಪನವರು

೧೮೩೪ರಲ್ಲಿ ಧಾರವಾಡದಲ್ಲಿ ಜನಿಸಿದ ಚನ್ನಬಸಪ್ಪನವರ ಕಾಲದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯದೇ ಪ್ರಾಬಲ್ಯ. ಮನೆಯಲ್ಲಿ ಅರಳುಹುರಿದಂತೆ ಮಾತನಾಡುವ ಮಗು ಶಾಲೆಯಲ್ಲಿ ಮೂಕವಾಗುತ್ತಿತ್ತು. ಪುಣೆಯಲ್ಲಿ ವ್ಯಾಸಂಗ ಮಾಡಿ ಮರಳಿದ ಅವರು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ವಿದ್ಯೆ ದೊರೆಯಬೇಕೆಂಬ ಒಂದೇ ಗುರಿಯನ್ನು ನಿಶ್ಚಯಿಸಿಕೊಂಡರು. ಆ ಹಿರಿಯ ಗುರಿಗೆ ಮೆಟ್ಟಿಲುಗಳನ್ನೂ ಕಟ್ಟಿದರು. ಶಾಲೆಗೆ ಮೊದಲು ಶಿಕ್ಷಕರು ಬೇಕೆಂದರಿತು, ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿದರು. ಊರವರ ಒಲವಿಲ್ಲದೆ ಶಾಲೆ ನಿಲ್ಲದೆಂದರಿತು, ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಹಳ್ಳಿಹಳ್ಳಿಗಳನ್ನು ಸುತ್ತಿ ಜನರ ಮನವೊಲಿಸಿದರು. ೧೮೮೧ರಲ್ಲಿ, ಐವತ್ತು ತುಂಬುವ ಮುನ್ನವೇ, ಅವರು ಲಿಂಗೈಕ್ಯರಾದರು. ಆ ವೇಳೆಗೆ ಅವರ ಗುರಿ ಅವರೊಬ್ಬರದಾಗಿ ಉಳಿದಿರಲಿಲ್ಲ. ಅವರು ತಿದ್ದಿದ ಶಿಕ್ಷಕರೆಲ್ಲರದಾಗಿತ್ತು. ಆದುದರಿಂದಲೇ ಅದು ಅವರೊಡನೆ ಅಳಿಯಲಿಲ್ಲ.