ಮಾರಲಾಗದ ನೆಲ: ಸರ್ ರಾಬರ್ಟ್ ಹಂಟರ್ ಅವರ ಬಾಳು

ಕಾಡನ್ನು ಉಳಿಸಿದವರೆಂದೊಡನೆ ಸಸಿ ನೆಟ್ಟವರು, ಮರಗಳನ್ನು ಅಪ್ಪಿ ನಿಂತವರು ನಮ್ಮ ನೆನಪಿಗೆ ಬರುತ್ತಾರೆ. ಹಳೆಯ ದಸ್ತಾವೇಜುಗಳನ್ನು ಓದಿ, ದಾವೆ ಹೂಡಿಸಿ, ಶಾಸನದ ಕರಡು ಬರೆದು ಕಾಡನ್ನು ಉಳಿಸಿದವರು ಅಷ್ಟು ಬೇಗ ನೆನಪಾಗುವುದಿಲ್ಲ. ಇಂಗ್ಲೆಂಡಿನ ಸರ್ ರಾಬರ್ಟ್ ಹಂಟರ್ ಅಂಥವರಲ್ಲಿ ಅಗ್ರಗಣ್ಯರು. ಪರಿಸರ ಕಾನೂನು ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅವರು ಪರಿಸರದ ವಕೀಲರಾಗಿದ್ದರು. ಜೊತೆಗೆ ಮೂವತ್ತೊಂದು ವರ್ಷ ಸರ್ಕಾರಿ ನೌಕರರೂ ಆಗಿದ್ದರು.

ಹಂಟರ್ ಅವರು 1844ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜನಿಸಿದರು. ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ ಸಾಲಿಸಿಟರ್ ವೃತ್ತಿಯನ್ನು ಹಿಡಿದರು. ಲಂಡನ್ ನಗರವು ಸುತ್ತಣ ಹಳ್ಳಿಗಳನ್ನು ನುಂಗುತ್ತ ಬೆಳೆಯುತ್ತಿದ್ದ ಕಾಲವದು. ಆ ಹಳ್ಳಿಗಳಲ್ಲಿ ಕಾಮನ್ ಎಂಬ ತೆರೆದ ನೆಲಗಳಿದ್ದವು. ಗೋಮಾಳ, ಗುಂಡುತೋಪು, ಕುಮ್ಕಿ ಎಂಬ ಮಾತುಗಳನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ನೆಲದ ಒಡೆತನ ಸಾಮಾನ್ಯವಾಗಿ ಸರ್ಕಾರದ್ದಲ್ಲ, ಊರಿನ ಜಮೀನುದಾರನದು. ದನ ಮೇಯಿಸುವ, ಸೌದೆ ತರುವ ಹಕ್ಕು ಮಾತ್ರ ಊರವರದು. ನೆಲದ ಬೆಲೆ ಏರಿದಂತೆ ಒಡೆಯರು ಬೇಲಿ ಹಾಕತೊಡಗಿದರು. ಇದನ್ನು ತಡೆಯಲು 1865ರಲ್ಲಿ ಕಾಮನ್ಸ್ ಸಂರಕ್ಷಣಾ ಸಂಘವು ಸ್ಥಾಪಿತವಾಯಿತು.

ಮರುವರ್ಷ ಈ ನೆಲಗಳ ರಕ್ಷಣೆಯನ್ನು ಕುರಿತು ಒಂದು ಪ್ರಬಂಧ ಸ್ಪರ್ಧೆ ಏರ್ಪಟ್ಟಿತು. ಹಂಟರ್ ಅವರಿಗೆ ಮೊದಲ ಬಹುಮಾನ ಬರಲಿಲ್ಲ. ಆದರೆ ಅವರ ಪ್ರಬಂಧವು ಆಯ್ದ ಆರರಲ್ಲಿ ಒಂದಾಗಿ ಅಚ್ಚಾಯಿತು. 1868ರಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬದ ಆ ತರುಣನನ್ನು ಸಂಘವು ತನ್ನ ಗೌರವ ಸಾಲಿಸಿಟರ್ ಆಗಿ ನೇಮಿಸಿಕೊಂಡಿತು.

ಲಂಡನ್ನಿನ ಈಶಾನ್ಯಕ್ಕಿರುವ ಎಪಿಂಗ್ ಅರಣ್ಯವು ಅವರ ದೊಡ್ಡ ಪರೀಕ್ಷೆಯಾಯಿತು. ಆ ಅರಣ್ಯದ ಲೌಟನ್ ಹಳ್ಳಿಯವರಿಗೆ ಚಳಿಗಾಲದಲ್ಲಿ ಸೌದೆಗಾಗಿ ಮರದ ಕೊಂಬೆ ಕಡಿಯುವ ಹಕ್ಕಿತ್ತು. ನವೆಂಬರ್ 11ರ ನಡುರಾತ್ರಿ ಯಾರಾದರೊಬ್ಬರು ಕೊಂಬೆಗೆ ಕೊಡಲಿ ಹಾಕದಿದ್ದರೆ ಆ ಹಕ್ಕೇ ಅಳಿದುಹೋಗುತ್ತದೆಂದು ಊರವರು ನಂಬಿದ್ದರು. ಒಡೆಯರು ಬೇಲಿ ಹಾಕಿದ ಮೇಲೂ ಥಾಮಸ್ ವಿಲಿಂಗೇಲ್ ಎಂಬ ಬಡ ಮುದುಕ ಕೊಡಲಿಯನ್ನು ಕೆಳಗಿಡಲಿಲ್ಲ. ಅವನ ಕುಟುಂಬದವರು ಸೆರೆಮನೆ ಸೇರಿದರು. ಸಂಘದ ಬೆಂಬಲದಿಂದ ಅವನು ಹೂಡಿದ ದಾವೆ ಮುಗಿಯುವ ಮೊದಲೇ, 1870ರಲ್ಲಿ, ಅವನು ಕಣ್ಮುಚ್ಚಿದ. ದಾವೆಯೂ ಅವನೊಂದಿಗೇ ಮುಗಿಯಿತು.

ಹಂಟರ್ ಅವರು ಕೈಚೆಲ್ಲಲಿಲ್ಲ. ಹಳೆಯ ಅರಣ್ಯ ದಾಖಲೆಗಳನ್ನು ಶೋಧಿಸಿದಾಗ ಅವರಿಗೆ ಒಂದು ಸೂತ್ರ ದೊರೆಯಿತು: ದನ ಮೇಯಿಸುವ ಹಕ್ಕು ಒಬ್ಬೊಬ್ಬ ಒಡೆಯನ ಗಡಿಗೆ ಸೀಮಿತವಾದುದಲ್ಲ, ಅದು ಇಡೀ ಅರಣ್ಯಕ್ಕೆ ವ್ಯಾಪಿಸಿದ್ದು. ಹಾಗಿದ್ದರೆ ಹಕ್ಕುಳ್ಳ ಒಬ್ಬನೇ ಎಲ್ಲ ಒಡೆಯರ ವಿರುದ್ಧವೂ ನ್ಯಾಯ ಕೇಳಬಹುದು. ಅರಣ್ಯದ ಅಂಚಿನಲ್ಲಿ ಸ್ಮಶಾನಕ್ಕೆಂದು ಜಮೀನು ಕೊಂಡಿದ್ದ ಲಂಡನ್ ನಗರಸಭೆಗೆ ಅಂಥ ಹಕ್ಕಿತ್ತು. ಬಡವನಿಗಿಲ್ಲದ ಹಣಬಲವೂ ಇತ್ತು. 1871ರಲ್ಲಿ ನಗರಸಭೆಯೇ ದಾವೆ ಹೂಡಿತು. 1874ರಲ್ಲಿ ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಅವರ ತೀರ್ಪು ಒಡೆಯರ ವಿರುದ್ಧವಾಗಿ ಬಂದಿತು. 1851ರಿಂದೀಚಿನ ಬೇಲಿಗಳು ಅಕ್ರಮವೆಂದು ನಿರ್ಣಯವಾಯಿತು. 1878ರ ಶಾಸನವು ಅರಣ್ಯವನ್ನು ಎಂದೆಂದಿಗೂ ತೆರೆದ ನೆಲವಾಗಿ ಉಳಿಸಿತು. ಅದೇ ಶಾಸನವು ಕೊಂಬೆ ಕಡಿಯುವ ಹಕ್ಕನ್ನು ಕೊನೆಗಾಣಿಸಿತೆಂಬುದನ್ನೂ ಹೇಳಬೇಕು. ಪರಿಹಾರದ ಹಣದಿಂದ ಲೌಟನ್‌ನಲ್ಲಿ ಒಂದು ಸಾರ್ವಜನಿಕ ಭವನವೆದ್ದಿತು.

1882ರಲ್ಲಿ ಹಂಟರ್ ಅವರು ಅಂಚೆ ಇಲಾಖೆಯ ಸಾಲಿಸಿಟರ್ ಹುದ್ದೆಗೆ ಬಂದರು. ಅಂದಿನ ಅಂಚೆ ಮಂತ್ರಿ, ಅಂಧರಾಗಿದ್ದ ಹೆನ್ರಿ ಫಾಸೆಟ್ ಅವರು ಕಾಮನ್ಸ್ ಹೋರಾಟದಲ್ಲಿ ಇವರ ಒಡನಾಡಿ. ಹಗಲು ಇಲಾಖೆಯ ಕರಾರುಗಳು, ಮಸೂದೆಗಳು; ಖಾಸಗಿ ದೂರವಾಣಿ ಜಾಲವನ್ನು ಸರ್ಕಾರವು ವಹಿಸಿಕೊಂಡಾಗಿನ ಕಾನೂನಿನ ಹೊರೆಯೂ ಅವರ ಪಾಲಿಗೇ ಬಂದಿತು. ಉಳಿದ ಹೊತ್ತೆಲ್ಲ ತೆರೆದ ನೆಲಗಳಿಗೆ ಮೀಸಲು. ಸರ್ರೆ ಪ್ರಾಂತದ ಹ್ಯಾಸಲ್‌ಮಿಯರ್‌ನಲ್ಲಿ ಮನೆ ಮಾಡಿ, ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತ, ನೆರೆಯ ಹೈಂಡ್‌ಹೆಡ್ ಬೆಟ್ಟದ ನೆಲವನ್ನೂ ಸಾರ್ವಜನಿಕರಿಗೆ ಉಳಿಸಿಕೊಟ್ಟರು.

ಈ ನಡುವೆ ಒಂದು ತೊಡಕು ಎದುರಾಯಿತು. ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಒಬ್ಬರು ತಮ್ಮ ಹಳೆಯ ತೋಟವನ್ನು ಜನರಿಗೆ ಕೊಡಲು ಮುಂದಾದರು. ಅದನ್ನು ಸ್ವೀಕರಿಸಿ ಶಾಶ್ವತವಾಗಿ ಕಾಯಬಲ್ಲ ಸಂಸ್ಥೆಯೇ ಇರಲಿಲ್ಲ. ಕೊಡುವ ಕೈಯಿದ್ದರೆ ಸಾಲದು, ಕಾಯುವ ಕೈಯೂ ಬೇಕೆಂದು ಹಂಟರ್ ಅವರು ಕಂಡುಕೊಂಡರು. 1884ರಲ್ಲಿಯೇ ಅಂಥದೊಂದು ಸಂಸ್ಥೆಯ ಯೋಜನೆಯನ್ನು ಮುಂದಿಟ್ಟರು. ಅದು ಫಲಿಸಲು ಹತ್ತು ವರ್ಷಕ್ಕೂ ಮೀರಿ ಹಿಡಿಯಿತು. ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್, ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಅವರೊಡಗೂಡಿ 1895ರ ಜನವರಿ 12ರಂದು ನ್ಯಾಷನಲ್ ಟ್ರಸ್ಟನ್ನು ಸ್ಥಾಪಿಸಿದರು. ಕೊನೆಯವರೆಗೂ ಅದರ ಕಾರ್ಯಕಾರಿ ಸಮಿತಿಯ ಅಧ್ಯಕ್ಷರು ಹಂಟರ್ ಅವರೇ. 1907ರ ಟ್ರಸ್ಟ್ ಶಾಸನವೂ ಅವರ ಲೇಖನಿಯಿಂದಲೇ ರೂಪುಗೊಂಡಿತು. ಅದರ ತಿರುಳು ಸರಳ: ಪರಭಾರೆ ಮಾಡಲಾಗದ್ದೆಂದು ಒಮ್ಮೆ ಘೋಷಿಸಿದ ನೆಲವನ್ನು ಟ್ರಸ್ಟ್ ತಾನಾಗಿ ಮಾರುವಂತಿಲ್ಲ. ಕಾಯುವವರ ಕೈಯನ್ನೂ ಕಟ್ಟಿದ ಕಾನೂನು ಇದು.

1913ರ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ವಿಶ್ರಾಂತಿಯ ಸುಖ ದೊರೆತದ್ದು ಕೆಲವೇ ತಿಂಗಳು. ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಸರ್ ಎಂಬ ಬಿರುದು ಬಂದಿದ್ದರೂ ಅವರು ಹೆಸರಿನ ಬೆನ್ನು ಹತ್ತಿದವರಲ್ಲ. ಇಂದು ಎಪಿಂಗ್‌ನ ಮರಗಳ ನೆರಳಿನಲ್ಲಿ ನಡೆಯುವವರಲ್ಲಿ ಅವರನ್ನು ಬಲ್ಲವರು ವಿರಳ. ಆದರೂ ನಡೆಯುವ ದಾರಿ ತೆರೆದೇ ಇದೆ.

ಶತಮಾನ ಕಂಡ ಕನ್ನಡ ಶಾಲೆಯ ಸ್ಮರಣ ಸಂಪುಟದಲ್ಲಿ ಈ ಬಾಳನ್ನು ನಾವು ನೆನೆಯುವುದಕ್ಕೆ ಕಾರಣವಿದೆ. ನಮ್ಮ ಶಾಲೆಯೂ ಒಂದು ಕಾಮನ್. ಯಾರೊಬ್ಬರ ಸ್ವತ್ತೂ ಅಲ್ಲ, ಇನ್ನೂ ಹುಟ್ಟದ ಮಕ್ಕಳಿಗೂ ಇದರಲ್ಲಿ ಪಾಲಿದೆ. ಗಡಿಯಾಚೆಗೆ ಉಳಿದ ನಮಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಮಾತು ಪುಸ್ತಕದಲ್ಲಿದ್ದರೆ ಸಾಲದು. ಹಂಟರ್ ಅವರಂತೆ ಕಾಗದಪತ್ರಗಳನ್ನು ಜೋಪಾನ ಮಾಡಿ ಓದುವವರು ಬೇಕು; ವಿಲಿಂಗೇಲನಂತೆ ವರ್ಷ ತಪ್ಪದೆ ಹಕ್ಕನ್ನು ಬಳಸುವವರೂ ಬೇಕು. ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರು ಬರೆಯಿಸುವ ತಾಯಿತಂದೆಯರು ಮಾಡುತ್ತಿರುವುದು ಆ ಕೆಲಸವನ್ನೇ.