ಸೇಲ್ ದಿನ ವೆಬ್‌ಸೈಟ್ ಏಕೆ ನಿಂತುಹೋಗುತ್ತದೆ? 100 ವರ್ಷದ ಹಿಂದೆಯೇ ಲೆಕ್ಕ ಹಾಕಿದ್ದ ಎರ್ಲಾಂಗ್

2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ ಬಿಗ್ ಬಿಲಿಯನ್ ಡೇ ನಡೆಸಿತು. ಜನರ ನೂಕುನುಗ್ಗಲಿಗೆ ವೆಬ್‌ಸೈಟ್ ತತ್ತರಿಸಿತು, ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದರು. ಇನ್ನಷ್ಟು ಕಂಪ್ಯೂಟರ್ ಹಾಕಿದ್ದರೆ ಮುಗಿಯಿತಲ್ಲ ಎಂದು ಹಲವರು ಹೇಳುತ್ತಾರೆ. ಆದರೆ ಎಷ್ಟು ಹಾಕಬೇಕು? ಅದನ್ನು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕುವ ದಾರಿ ತೋರಿಸಿದವರು ಡೆನ್ಮಾರ್ಕ್‌ನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್.

ಹಳ್ಳಿ ಮೇಷ್ಟ್ರ ಮಗ

ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಲೊನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಶಾಲಾ ಮೇಷ್ಟ್ರು. 1901ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಿಂದ ಎಂ.ಎ. ಪಡೆದು, ಕೆಲವು ವರ್ಷ ತಾವೂ ಶಾಲೆಗಳಲ್ಲಿ ಪಾಠ ಮಾಡಿದರು. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದರು.

ಆಗ ಕಂಪನಿಗೆ ಒಂದು ದೊಡ್ಡ ತಲೆನೋವಿತ್ತು. ಲೈನ್ ಕಡಿಮೆ ಹಾಕಿದರೆ ಕರೆ ಸಿಗುವುದಿಲ್ಲ, ಜಾಸ್ತಿ ಹಾಕಿದರೆ ದುಡ್ಡು ದಂಡ. ಯಾರು ಯಾವಾಗ ಫೋನ್ ಮಾಡುತ್ತಾರೆಂದು ಹೇಳಲಾಗದಿದ್ದರೂ, ಸಾವಿರಾರು ಜನರ ಕರೆಗಳಿಗೆ ಒಂದು ಲಯವಿದೆ ಎಂದು ಎರ್ಲಾಂಗ್ 1909ರ ಲೇಖನದಲ್ಲಿ ತೋರಿಸಿದರು. 1917ರಲ್ಲಿ ಎಷ್ಟು ಕರೆ ತಪ್ಪಬಹುದು, ಎಷ್ಟು ಹೊತ್ತು ಕಾಯಬೇಕಾಗಬಹುದು ಎಂಬುದಕ್ಕೆ ಸೂತ್ರ ಕೊಟ್ಟರು.

ಸರದಿಯ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ತಂಬಾಕು ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲರೂ ಒಂದೇ ದಿನ ಬೇಲ್ ತಂದರೆ ಹರಾಜು ಮಾರುಕಟ್ಟೆಯ ಗತಿಯೇನು?

ಒಂದು ಕೌಂಟರ್ ಇದೆ ಎಂದುಕೊಳ್ಳೋಣ. ಒಬ್ಬರ ಕೆಲಸಕ್ಕೆ ಸರಾಸರಿ 1 ನಿಮಿಷ, ಜನ ಬರುವುದಕ್ಕೆ ಹೊತ್ತುಗೊತ್ತಿಲ್ಲ. ಕೌಂಟರ್ ಶೇ. 50ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸರದಿಯಲ್ಲಿ ಸರಾಸರಿ 1 ನಿಮಿಷ ಕಾಯಬೇಕು. ಶೇ. 90 ಆದರೆ 9 ನಿಮಿಷ. ಶೇ. 95 ಆದರೆ 19 ನಿಮಿಷ! ಅಂದರೆ ಕೊನೆಯ ಸ್ವಲ್ಪ ಜನ ಸೇರಿದಾಗಲೇ ಕಾಯುವ ಹೊತ್ತು ದುಪ್ಪಟ್ಟಾಗುತ್ತದೆ.

ದೊಡ್ಡ ಶಾಪಿಂಗ್ ವೆಬ್‌ಸೈಟ್ ಕಟ್ಟುವವರು ಇದನ್ನೇ ಮಾಡುತ್ತಾರೆ. ಗ್ರಾಹಕ ಹುಡುಕುವುದು, ಕಾರ್ಟ್‌ಗೆ ಹಾಕುವುದು, ಹಣ ಕಟ್ಟುವುದು, ಹೀಗೆ ಪ್ರತಿ ಹಂತವನ್ನೂ ಒಂದೊಂದು ಕೌಂಟರ್ ಎಂದು ಚಿತ್ರ ಬರೆದು, ಎಲ್ಲಿ ಸರದಿ ಕಟ್ಟುತ್ತದೆಂದು ಮೊದಲೇ ನೋಡುತ್ತಾರೆ. ಹಣ ಕಟ್ಟುವ ಹಂತ ಬಿಗಿಯಾಗಿದ್ದರೆ ಉಳಿದೆಡೆ ಎಷ್ಟು ಕಂಪ್ಯೂಟರ್ ಸೇರಿಸಿದರೂ ಪ್ರಯೋಜನವಿಲ್ಲ.

ಉಳಿದ ಹೆಸರು

ಎರ್ಲಾಂಗ್ ಮದುವೆಯಾಗಲಿಲ್ಲ. ಕೇಳಿ ಬಂದ ಬಡವರಿಗೆ ಸದ್ದಿಲ್ಲದೆ ಸಹಾಯ ಮಾಡುತ್ತಿದ್ದರು. 1929ರ ಫೆಬ್ರವರಿ 3ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ಟೆಲಿಫೋನ್ ದಟ್ಟಣೆಯ ಅಳತೆಗೆ ಅವರ ಹೆಸರಿಡಲಾಯಿತು. ನಾವು ದಿನವೂ ಫಾರ್ವರ್ಡ್ ಮಾಡುವ ವಾಟ್ಸ್ಆ್ಯಪ್‌ನ ಸರ್ವರ್‌ಗಳಲ್ಲಿ ಕೆಲಸ ಮಾಡುವ ಪ್ರೋಗ್ರಾಮಿಂಗ್ ಭಾಷೆಯ ಹೆಸರೂ ಎರ್ಲಾಂಗ್.

ನೆನಪಿಡಿ: ಸೇಲ್ ದಿನ ಪುಟ ನಿಂತರೆ ಹಣ ಕಟ್ಟುವ ಬಟನ್ ಮತ್ತೆ ಮತ್ತೆ ಒತ್ತಬೇಡಿ. ಪ್ರತಿ ಒತ್ತುವಿಕೆಯೂ ಸರದಿಗೆ ಇನ್ನೊಬ್ಬರನ್ನು ಸೇರಿಸಿದಂತೆ. ಮೊದಲು ಬ್ಯಾಂಕಿನ ಮೆಸೇಜ್ ಮತ್ತು ಆರ್ಡರ್ ಪಟ್ಟಿ ನೋಡಿ.